ನನ್ನ ಬೆನ್ನಿಗೆ ಯಾವ ಸಿಲಿಂಡರ್? ಮೂರು ತಿಂಗಳ ಡೈವಿಂಗ್ ದಿನಚರಿ

ಡಿಸೆಂಬರ್ 14, ಮುರುಡೇಶ್ವರ

ಕೋರ್ಸ್ ಮುಗಿದ ಮೇಲೆ ಇವತ್ತೇ ಮೊದಲ ಡೈವ್. ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರ. ದೋಣಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಸಿಲಿಂಡರ್‌ಗಳೆಲ್ಲ ಒಂದೇ ಜಾತಿ, ಅಲ್ಯೂಮಿನಿಯಂ 80. ನನಗೂ ಅದನ್ನೇ ಕಟ್ಟಿದರು.

ನೀರಿನೊಳಗೆ ಮೊದಲ ಅರ್ಧ ಗಂಟೆ ಎಲ್ಲ ಸರಿಯಿತ್ತು. ಬಂಡೆ ಕೆರೆಯುತ್ತಿದ್ದ ಗಿಳಿಮೀನಿನ ಹಲ್ಲಿನ ಸದ್ದು ಕಿವಿಗೆ ಕೇಳುವಷ್ಟು ಹತ್ತಿರ ಹೋಗಿದ್ದೆ. ಮೇಲೆ ಬರುವ ಮುಂಚೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು. ಸಿಲಿಂಡರ್‌ನ ಒತ್ತಡ ತೋರಿಸುವ ಗೇಜಿನಲ್ಲಿ 60 ಬಾರ್ ಉಳಿದಿತ್ತು. ಅಲ್ಲಿ ನನ್ನ ಕೈಲಿ ನಿಲ್ಲೋಕೇ ಆಗಲಿಲ್ಲ. ತೇಲೋಕೆ ಅಂತ ಜಾಕೆಟ್ಟಿಗೆ ತುಂಬುವ ಗಾಳಿ ಪೂರ್ತಿ ಬಿಟ್ಟಿದ್ದೆ, ಎದೆಯ ಉಸಿರೂ ಬಿಟ್ಟೆ, ಆದರೂ ಬೆನ್ನಿನ ಕಡೆಯಿಂದ ಯಾರೋ ಎತ್ತುತ್ತಿರುವ ಹಾಗೆ ಸೊಂಟ ಮೇಲೇಳುತ್ತಿತ್ತು. ಇನ್‌ಸ್ಟ್ರಕ್ಟರ್ ಬಂದು ಜಾಕೆಟ್ ಪಟ್ಟಿ ಹಿಡಿದು ಮೂರು ನಿಮಿಷ ಕೆಳಗೆ ಎಳೆದುಕೊಂಡೇ ಇದ್ದರು.

ದೋಣಿ ಹತ್ತಿದ ಮೇಲೆ ಅವರು ಹೇಳಿದ್ದು ಇಷ್ಟೆ: "ಮೇಡಂ, ಸಿಲಿಂಡರ್ ಖಾಲಿ ಆಗ್ತಾ ಬಂದ್ರೆ ತೇಲುತ್ತೆ. ಮುಂದಿನ ಡೈವಿಗೆ ಎರಡು ಕೆಜಿ ಸೀಸ ಜಾಸ್ತಿ ಹಾಕೋಣ." ಮುಳುಗೋಕೆ ಅಂತ ಸೊಂಟಕ್ಕೆ ಕಟ್ಟುವ ತೂಕ ಅದು. ಹಾಕಿದರು, ಎರಡನೇ ಡೈವಿನಲ್ಲಿ ನಿಂತೆ. ಆದರೆ ಯಾಕೆ ಹೀಗೆ ಅನ್ನೋದು ತಲೆಯಿಂದ ಹೋಗಲಿಲ್ಲ.

ಡಿಸೆಂಬರ್ 17, ಚಿಕ್ಕಮಗಳೂರು

ಲೆಕ್ಕ ಹಾಕಿ ಕೂತೆ. 80 ಅಂದರೆ 80 ಘನ ಅಡಿ ಗಾಳಿ ಅಂತ ಹೆಸರು. ನಿಜವಾಗಿ ಹಿಡಿಯೋದು 77.4. ಒಳಗಿನ ಜಾಗ 11.1 ಲೀಟರ್, ತುಂಬುವ ಒತ್ತಡ 207 ಬಾರ್, ಅಂದರೆ 3000 ಪಿಎಸ್‌ಐ. ನಮ್ಮ ಕಾರಿನ ಟೈರಿಗೆ 33 ಪಿಎಸ್‌ಐ ಹಾಕಿಸ್ತೀವಿ, ಅದರ ತೊಂಬತ್ತು ಪಟ್ಟು. ಅಷ್ಟು ಗಾಳಿಯ ತೂಕವೇ ಎರಡೂವರೆ ಕೆಜಿ ದಾಟುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ದಿನವಿಡೀ ಕಾಫಿ ತೂಗುವ ನನಗೆ, ಗಾಳಿಯನ್ನೂ ಕೆಜಿಯಲ್ಲಿ ಎಣಿಸಬೇಕು ಅಂತ ಹೊಳೆದೇ ಇರಲಿಲ್ಲ.

ತುಂಬಿದ 80 ಸಮುದ್ರದ ನೀರಿನಲ್ಲಿ ಮುಕ್ಕಾಲು ಕೆಜಿಯಷ್ಟು ಮುಳುಗುತ್ತದೆ. ಗಾಳಿ ಪೂರ್ತಿ ತೀರಿದರೆ ಹತ್ತಿರ ಹತ್ತಿರ ಎರಡು ಕೆಜಿಯಷ್ಟು ಮೇಲಕ್ಕೆ ಎಳೆಯುತ್ತದೆ. ನನ್ನನ್ನು ಎತ್ತಿದ್ದು ಅದೇ. ಹಾಗಾಗಿ ಸೊಂಟದ ಸೀಸವನ್ನು ಡೈವ್ ಶುರುವಾಗುವ ಹೊತ್ತಿಗಲ್ಲ, ಮುಗಿಯುವ ಹೊತ್ತಿಗೆ ನೋಡಿ ಹಾಕಬೇಕು.

ಸ್ಟೀಲ್ ಸಿಲಿಂಡರ್ ಖಾಲಿಯಾದರೂ ಸಾಮಾನ್ಯವಾಗಿ ತೇಲುವುದಿಲ್ಲ, ಸೀಸವೂ ಕಡಿಮೆ ಸಾಕು. ಹಾಗಾದರೆ ಸ್ಟೀಲೇ ಒಳ್ಳೇದಲ್ವಾ ಅಂತ ಎರಡು ದಿನ ಅದರ ಹಿಂದೆ ಬಿದ್ದೆ. ಆದರೆ ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ ತೆಳು ಡೈವಿಂಗ್ ಸೂಟು ಸಾಕು, ತೆಳು ಸೂಟು ಹೆಚ್ಚು ತೇಲುವುದೂ ಇಲ್ಲ. ಅದರ ಮೇಲೆ ಭಾರದ ಸ್ಟೀಲ್ ಹೊತ್ತರೆ, ಬಿಚ್ಚಿ ಎಸೆಯೋಕೆ ಸೀಸವೇ ಇಲ್ಲದೆ ಮುಳುಗುವ ಸ್ಥಿತಿ ಬರಬಹುದು. ಒಳಗೆ ತೇವ ಸೇರಿದರೆ ತುಕ್ಕು ಬೇರೆ. ತಣ್ಣೀರಿನ ದೇಶಗಳಲ್ಲಿ ದಪ್ಪ ಸೂಟಿನವರಿಗೆ ಅದು ಸರಿ. ನನಗೆ ಬೇಡ.

ಅಮ್ಮ ಪಕ್ಕದಲ್ಲೇ ಕೂತು ಕಾಳುಮೆಣಸು ಬಿಡಿಸುತ್ತಿದ್ದರು. "ಆಕ್ಸಿಜನ್ ಸಿಲಿಂಡರ್ ಮೇಲೆ ಇಷ್ಟೊಂದು ಲೆಕ್ಕ ಏನೇ?" ಅಂದರು. ಅಮ್ಮ, ಅದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು ಅಂದೆ. ಶುದ್ಧ ಆಕ್ಸಿಜನ್ ಸುಮಾರು 6 ಮೀಟರ್‌ಗಿಂತ ಕೆಳಗೆ ಮೈಗೆ ವಿಷವಾಗಿ ಫಿಟ್ಸ್ ತರಬಹುದು. ಅದನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ.

ಜನವರಿ 4

ಸ್ವಂತದ್ದೊಂದು ಕೊಳ್ಳುವ ಆಸೆ ಬಿಟ್ಟೆ. ಬೆಂಗಳೂರಿನಲ್ಲಿ ಒಬ್ಬರು ಹಳೇ ಅಲ್ಯೂಮಿನಿಯಂ ಸಿಲಿಂಡರ್ ಮಾರುತ್ತಿದ್ದರು, ಫೋಟೋ ಕಳಿಸಿದರು. ಸಿಲಿಂಡರ್‌ನ ಹೆಗಲ ಮೇಲೆ ಕೆತ್ತಿರುತ್ತಾರಲ್ಲ, ತುಂಬುವ ಒತ್ತಡ, ತಯಾರಾದ ತಿಂಗಳು, ಪರೀಕ್ಷೆಯ ತಿಂಗಳು, ಅದರ ಮೇಲೆಲ್ಲ ದಪ್ಪಗೆ ಹಳದಿ ಬಣ್ಣ ಬಳಿದಿತ್ತು. ಬಣ್ಣ ಕೆರೆದು ತೋರಿಸಿ ಅಂದೆ, ಉತ್ತರ ಬರಲಿಲ್ಲ. 1990ಕ್ಕಿಂತ ಹಿಂದಿನ ಎಷ್ಟೋ ಅಲ್ಯೂಮಿನಿಯಂ ಸಿಲಿಂಡರ್‌ಗಳು 6351 ಅನ್ನುವ ಮಿಶ್ರಲೋಹದವು. ವರ್ಷಗಟ್ಟಲೆ ಒತ್ತಡದಲ್ಲಿದ್ದು ಅವುಗಳಲ್ಲಿ ಕೆಲವದರ ಕತ್ತಿನಲ್ಲಿ ಸೀಳು ಬಂದದ್ದು, ತುಂಬುವಾಗ ಸಿಡಿದದ್ದು ಉಂಟು. ಆಮೇಲೆ ಬಂದವು 6061. ಹುಟ್ಟಿದ ವರ್ಷ ಓದಲಾಗದ ಸಿಲಿಂಡರನ್ನು ಬಿಟ್ಟಿ ಕೊಟ್ಟರೂ ಮುಟ್ಟಬಾರದು.

ಇನ್ನೊಂದು ಕಷ್ಟ ತುಂಬಿಸುವುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹೆಚ್ಚೆಂದರೆ ಹತ್ತು ಬಾರ್ ಕೊಡುತ್ತದೆ. ಅದರ ಗಾಳಿಯಲ್ಲಿ ಎಣ್ಣೆಯ ಆವಿ ಇರುತ್ತದೆ, ಉಸಿರಾಡೋಕೆ ಆಗುವಂಥದ್ದಲ್ಲ. ತುಂಬಿಸೋಕೆ ನಾನು ಘಟ್ಟ ಇಳಿಯಲೇಬೇಕು. ಗ್ಯಾಸ್ ಸಿಲಿಂಡರ್ಸ್ ರೂಲ್ಸ್ 2016ರ ಪ್ರಕಾರ ಇಂಥ ಸಿಲಿಂಡರ್‌ಗಳಿಗೆ ನಾಗಪುರದ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯ ಅನುಮೋದನೆ ಇರಬೇಕು, ಅದೂ ಒಂದು. ದಡದಲ್ಲೇ ಬಾಡಿಗೆಗೆ ತಗೊಳ್ಳೋದು, ಆದರೆ ಕೊಟ್ಟದ್ದನ್ನು ಹೊರದೆ ನೋಡಿ ಆರಿಸೋದು ಅಂತ ತೀರ್ಮಾನಿಸಿದೆ.

ಜನವರಿ 18, ಮುರುಡೇಶ್ವರ

ಇವತ್ತಿನದು ವಿವರವಾಗಿ ಬರೀಬೇಕು.

ನನ್ನ ಎತ್ತರ ಐದಡಿ. 80 ಸುಮಾರು 66 ಸೆಂ.ಮೀ. ಉದ್ದ, ಮೇಲೆ ವಾಲ್ವ್ ಬೇರೆ. ಅದನ್ನು ಕಟ್ಟಿ ದೋಣಿಯ ಹಲಗೆ ಮೇಲೆ ಕೂತರೆ ಬುಡ ಹಲಗೆಗೆ ತಾಗಿ ಜಾಕೆಟ್ ಹೆಗಲಿಂದ ಮೇಲೇಳುತ್ತದೆ. ಮೇಲಕ್ಕೆ ಸರಿಸಿ ಕಟ್ಟಿದರೆ, ನೀರಿನಲ್ಲಿ ತಲೆ ಎತ್ತಿ ನೋಡುವಾಗ ಹಿಂದಲೆಗೆ ವಾಲ್ವ್ ಬಡಿಯುತ್ತದೆ. ಇದು ನನ್ನ ಅಭ್ಯಾಸ ಸಾಲದ್ದಕ್ಕೆ ಅಂದುಕೊಂಡಿದ್ದೆ. ಡೈವಿಂಗ್ ಅಂಗಡಿಯ ಮೂಲೆಯಲ್ಲಿ ಒಂದು ಅಲ್ಯೂಮಿನಿಯಂ 63 ಇತ್ತು, ಅದನ್ನು ಕೇಳಿ ತೆಗೆಸಿದೆ. ಸುತ್ತಳತೆ ಅದೇ, ಉದ್ದ ಹತ್ತು ಸೆಂ.ಮೀ. ಕಡಿಮೆ, ತೂಕ ಎರಡು ಕೆಜಿ ಕಡಿಮೆ, ಒಳಗೆ 9 ಲೀಟರ್ ಜಾಗ. ಪರೀಕ್ಷೆಯ ತಿಂಗಳು ಓದಿದೆ, ವಾಯಿದೆಯೊಳಗೇ ಇತ್ತು. ವಾಲ್ವ್ ಸ್ವಲ್ಪ ತಿರುಗಿಸಿ ಗಾಳಿ ಮೂಸಿದೆ, ವಾಸನೆ ಇಲ್ಲ.

ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್ ಕೂರಿಸಿ ತೆರೆದರೆ ಬುಸ್ಸ್ ಅಂತ ಸೋರಿಕೆ. ನನ್ನದು ಯೋಕ್ ಜೋಡಣೆ, ಅಂದರೆ ವಾಲ್ವಿನ ಮುಖವನ್ನು ಇಕ್ಕಳದ ಹಾಗೆ ಅಪ್ಪಿ ಹಿಡಿಯುವಂಥದ್ದು. ಡಿನ್ ಅನ್ನುವ ಇನ್ನೊಂದು ಜೋಡಣೆ ಆದರೆ ಸ್ಕ್ರೂ ಹಾಗೆ ತಿರುಪಬೇಕು, ಸೋರಿಕೆ ತಡೆಯುವ ಓ-ರಿಂಗ್ ರೆಗ್ಯುಲೇಟರ್‌ನಲ್ಲೇ ಇರುತ್ತದೆ. ಯೋಕಿನಲ್ಲಿ ಅದು ಇರೋದು ವಾಲ್ವಿನಲ್ಲಿ, ಅಂದರೆ ಅಂಗಡಿಯವರದ್ದು. ದೋಣಿಯ ಹುಡುಗ ಕಡ್ಡಿಯಿಂದ ಅದನ್ನು ಎಬ್ಬಿಸಿ ನನ್ನ ಅಂಗೈಗೆ ಹಾಕಿದ. ಕಿರುಬೆರಳಿಗೂ ಬಿಗಿಯಾಗುವಂಥ ಕಪ್ಪು ರಬ್ಬರ್ ಉಂಗುರ, ಒಂದು ಕಡೆ ಕೂದಲೆಳೆಯಷ್ಟು ಸೀಳು. 200 ಬಾರ್ ತಡೆಯಬೇಕಾದದ್ದು ಇದು. ಹೊಸದು ಕೂರಿಸಿದ, ಸದ್ದು ನಿಂತಿತು.

ನೀರಿನಲ್ಲಿ ಬೆನ್ನು ಬೆನ್ನಿನ ಹಾಗೇ ಇತ್ತು. ತಲೆ ಎತ್ತಿದೆ, ಏನೂ ಬಡಿಯಲಿಲ್ಲ. ಡಿಸೆಂಬರ್‌ನಲ್ಲಿ ಸರಾಸರಿ 10 ಮೀಟರ್‌ನಲ್ಲಿ 38 ನಿಮಿಷಕ್ಕೆ 145 ಬಾರ್ ಉಸಿರಾಡಿದ್ದೆ. ನೀರಿನ ಮೇಲಿನ ಲೆಕ್ಕಕ್ಕೆ ತಂದರೆ ನಿಮಿಷಕ್ಕೆ 21 ಲೀಟರ್. ಇವತ್ತು ಸರಾಸರಿ 11 ಮೀಟರ್, 36 ನಿಮಿಷ, 200ರಿಂದ 55ಕ್ಕೆ ಇಳಿಯಿತು. ಅದೇ 145 ಬಾರ್, ಆದರೆ ಸಿಲಿಂಡರ್ ಚಿಕ್ಕದು. ನಿಮಿಷಕ್ಕೆ 17 ಲೀಟರ್ ಚಿಲ್ಲರೆ! ಒಂದು ತಿಂಗಳು ರಾತ್ರಿ ಮಲಗುವ ಮುಂಚೆ ನಿಧಾನ ಉಸಿರಿನ ಅಭ್ಯಾಸ ಮಾಡಿದ್ದು ಒಂದು ಕಾರಣ. ಹೆಗಲು, ಕತ್ತು ಸೆಣಸದೇ ಇದ್ದದ್ದು ಇನ್ನೊಂದು, ಬಹುಶಃ ದೊಡ್ಡದು. ಇದೇ ಉಸಿರಿಗೆ 80 ಕಟ್ಟಿದ್ದರೆ ಇನ್ನು ಎಂಟು ಹತ್ತು ನಿಮಿಷ ಸಿಗುತ್ತಿತ್ತು ನಿಜ. ಆದರೆ ನಮ್ಮ ಗುಂಪು ಹೇಗೂ 40 ನಿಮಿಷದ ಹೊತ್ತಿಗೆ ಮೇಲೆ ಬರುತ್ತದೆ.

50 ಬಾರ್ ಮೀಸಲು ಬಿಟ್ಟು ಬರುವ ನಿಯಮ ಚಿಕ್ಕ ಸಿಲಿಂಡರಿಗೆ ಇನ್ನೂ ಗಟ್ಟಿಯಾಗಿ ಪಾಲಿಸಬೇಕು. 80ರಲ್ಲಿ 50 ಬಾರ್ ಅಂದರೆ 555 ಲೀಟರ್, 63ರಲ್ಲಿ 450 ಮಾತ್ರ. ಜೊತೆಗಾರನಿಗೆ ಗಾಳಿ ತೀರಿದರೆ ಇಬ್ಬರೂ ಅದರಲ್ಲೇ ಮೇಲೆ ಬರಬೇಕು. ಅದಕ್ಕೆ ನಾನು 70 ಬಾರ್‌ಗೇ ಕೈಸನ್ನೆ ಮಾಡುತ್ತೇನೆ ಅಂತ ಜೊತೆಯವರಿಗೆ ಹೇಳಿಟ್ಟಿದ್ದೇನೆ.

ಜನವರಿ 19, ಕುಂದಾಪುರ

ನಿನ್ನೆ ಮನೆಗೆ ಹೊರಡಲಿಲ್ಲ. ಡೈವ್ ಮಾಡಿದ ಮೈಯಲ್ಲಿ ಸಾರಜನಕ ಉಳಿದಿರುತ್ತದೆ, ತಕ್ಷಣ ಎತ್ತರಕ್ಕೆ ಏರಿದರೆ ಗುಳ್ಳೆಯಾಗಬಹುದು. ಒಂದೇ ಡೈವಿಗೆ 12 ಗಂಟೆ, ಹಲವು ಡೈವಿಗೆ 18 ಗಂಟೆ ಕಾಯಿರಿ ಅನ್ನೋದು ವಿಮಾನಕ್ಕೆ ಇರುವ ಸೂಚನೆ. ಚಿಕ್ಕಮಗಳೂರು ಸಾವಿರ ಮೀಟರ್ ದಾಟಿದ ಊರು, ಹಾಗಾಗಿ ನನಗೂ ಅದೇ ಲೆಕ್ಕ. ಮಲೆನಾಡಿನಿಂದ ಡೈವಿಗೆ ಹೋಗುವವರು ಇದನ್ನು ದಯವಿಟ್ಟು ಮರೆಯಬೇಡಿ, ಸಂಜೆಯೇ ಆಗುಂಬೆ ಹತ್ತಬೇಡಿ.

ಫೆಬ್ರವರಿ 12

ಅಂಗಡಿಗೆ ಫೋನ್ ಮಾಡಿದೆ. 63 ಎತ್ತಿಡುತ್ತಾರಂತೆ. ಸೀಸ ಎಷ್ಟು ಅಂತ ಈ ಸಲ ನೀರಿಗಿಳಿದು, 50 ಬಾರ್ ಉಳಿದ ಸಿಲಿಂಡರ್ ಕಟ್ಟಿಕೊಂಡೇ ನೋಡಬೇಕು. ಓ-ರಿಂಗ್ ನಾಲ್ಕು ತರಿಸಿ ಚಿಕ್ಕ ಡಬ್ಬಿಯಲ್ಲಿ ಹಾಕಿದ್ದೇನೆ. ಶನಿವಾರ ಬೆಳಗಿನ ಜಾವ ಬಾಳೆಹೊನ್ನೂರು, ಶೃಂಗೇರಿ, ಆಗುಂಬೆ ಮೇಲೆ ಇಳಿಯೋದು, ಭಾನುವಾರ ಡೈವ್. ಕ್ಯೂರಿಂಗ್ ಕೆಲಸದ ಭರಾಟೆಯಲ್ಲೂ ಸೋಮವಾರಕ್ಕೆ ರಜೆ ಸಿಕ್ಕಿದೆ.