ತಗಡಿನ ಮಾಡು, ಗಡಿ ಕಲ್ಲು ಮತ್ತು ಹಸಿರು ಫಿಕ್ಸ್

"ಮಿಷನ್ನು ಎಷ್ಟು ಕರೆಕ್ಟಾಗಿ ತೋರಿಸುತ್ತೆ?" ಜಿಪಿಎಸ್ ಮಿಷನ್ನು ಹಿಡಿದು ಜಮೀನು ಸರ್ವೆಗೆ ಹೋದಲ್ಲೆಲ್ಲ ಇದೇ ಮೊದಲ ಪ್ರಶ್ನೆ. ಬಯಲಲ್ಲಾದರೆ ಒಂದೆರಡು ಸೆಂಟಿಮೀಟರ್ ಅನ್ನುತ್ತೇನೆ. ಆಲ್ದೂರು ಕಡೆಯ ಕಾಫಿ ತೋಟದೊಳಗೆ ಆ ಮಾತು ಹೇಳುವುದಿಲ್ಲ.

ಮೊನ್ನೆಯ ಗಡಿ ಕಲ್ಲು ಗೋಡೌನಿನಿಂದ ಎರಡು ಮಾರು ದೂರದಲ್ಲಿತ್ತು. ಗೋಡೌನಿಗೆ ಗೋಡೆ, ಮಾಡು ಎರಡೂ ಹೊಸ ತಗಡಿನದು. ಬೆಳಿಗ್ಗೆ ರೋವರ್, ಅಂದರೆ ಸರ್ವೆಯ ಜಿಪಿಎಸ್ ರಿಸೀವರ್, ಹಿಡಿದಾಗ ಸ್ಕ್ರೀನಿನಲ್ಲಿ ಹಸಿರು ಬಣ್ಣದಲ್ಲಿ 'ಫಿಕ್ಸ್' ಬಂತು. ಸೆಂಟಿಮೀಟರ್ ಮಟ್ಟದಲ್ಲಿ ಜಾಗ ಸಿಕ್ಕಿತು ಅಂತ ಅದರ ಅರ್ಥ. ಸುಮಾರು ಹೊತ್ತು ಬಿಟ್ಟು ಇನ್ನೊಮ್ಮೆ ಹಿಡಿದೆ. ಅದೂ ಫಿಕ್ಸೇ. ಆದರೆ ಎರಡಕ್ಕೂ ಒಂದು ಗೇಣು ವ್ಯತ್ಯಾಸ!

ಉಪಗ್ರಹದ ಸಿಗ್ನಲ್ ನೇರವಾಗಿಯೂ ಬರುತ್ತದೆ, ತಗಡಿಗೆ ಬಡಿದು ಸುತ್ತು ಹಾಕಿಯೂ ಬರುತ್ತದೆ. ಎರಡೂ ಬೆರೆತು ದೂರದ ಲೆಕ್ಕ ಕೆಡುತ್ತದೆ. ಇದೇ ಮಲ್ಟಿಪಾತ್. ಮೊಬೈಲಿನ ಜಿಪಿಎಸ್ ಇದರಿಂದ ಮೀಟರ್‌ಗಟ್ಟಲೆ ತಪ್ಪುತ್ತದೆ. ರೋವರ್ ಅಲೆಯ ಫೇಸನ್ನೇ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದನ್ನೇ ಅಳೆಯುತ್ತದೆ. ಜಿಪಿಎಸ್‌ನ ಮುಖ್ಯ ಸಿಗ್ನಲ್ ಎಲ್1ರ ಅಲೆಯ ಉದ್ದ ಸುಮಾರು 19 ಸೆಂ.ಮೀ. ಬಡಿದು ಬಂದ ಸಿಗ್ನಲ್ ನೇರದ್ದಕ್ಕಿಂತ ದುರ್ಬಲವಾಗಿದ್ದರೆ ಒಂದು ಉಪಗ್ರಹದ ಅಳತೆ ಕೆಡುವುದು ಹೆಚ್ಚೆಂದರೆ ಈ ಉದ್ದದ ಕಾಲು ಭಾಗದಷ್ಟು, ಅಂದರೆ 5 ಸೆಂ.ಮೀ. ಒಳಗೆ. ಹಾಗಾದರೆ ಗೇಣು ಎಲ್ಲಿಂದ ಬಂತು? ಉಪಗ್ರಹದಿಂದ ಇಲ್ಲಿಗೆ ಎಷ್ಟು ಪೂರ್ತಿ ಅಲೆಗಳಿವೆ ಅನ್ನುವ ಎಣಿಕೆಯನ್ನೇ ರೋವರ್ ತಪ್ಪಾಗಿ ಹಿಡಿದಿತ್ತು. ಸ್ಕ್ರೀನು ಹಸಿರಾಗಿದ್ದರೆ ಏನು ಬಂತು?

"ನಾಳೆ ಇದೇ ಹೊತ್ತಿಗೆ ಬಂದು ಇನ್ನೊಂದ್ಸಲ ನೋಡಿ ಸರ್ವೆಯರ್ರೇ" ಅಂದರು ತೋಟದ ಯಜಮಾನರು. ಹಾಗೆ ಮಾಡುವವರೇ ಜಾಸ್ತಿ. ಆದರೆ ಜಿಪಿಎಸ್ ಉಪಗ್ರಹಗಳು ಸುಮಾರು 23 ಗಂಟೆ 56 ನಿಮಿಷಕ್ಕೆ ಆಕಾಶದಲ್ಲಿ ಅದೇ ಜಾಗಕ್ಕೆ ಬರುತ್ತವೆ. ನಾಳೆ ನಾಲ್ಕು ನಿಮಿಷ ಮೊದಲು ಅವೇ ಉಪಗ್ರಹ, ಅದೇ ತಗಡು, ಹೆಚ್ಚು ಕಮ್ಮಿ ಅದೇ ತಪ್ಪು. ಎರಡು ದಿನದ ತಪ್ಪು ತಾಳೆಯಾದರೆ ಯಾರು ಅನುಮಾನ ಪಡುತ್ತಾರೆ? ಒಂದೇ ಜಾಗದಲ್ಲಿ ಕಾಯಂ ಇರುವ ಜಿಪಿಎಸ್ ಸ್ಟೇಷನ್ನುಗಳಿಗೆ ಮಾತ್ರ ಇದು ಅನುಕೂಲ. ಹಿಂದಿನ ದಿನದ ತಪ್ಪನ್ನು ಇವತ್ತಿನದರಿಂದ ಕಳೆದುಬಿಡಬಹುದು.

ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ಡಿಶ್‌ಗಳಿಗೆ ಈ ತಲೆನೋವು ಕಮ್ಮಿ. ಒಂದು ದಿಕ್ಕಿಗೆ ಮುಖ ಮಾಡಿದರಾಯ್ತು. ನಮ್ಮ ಆಂಟೆನಾಕ್ಕೆ ಇಡೀ ಆಕಾಶವೇ ಬೇಕು. ಉಪಗ್ರಹದ ಅಲೆ ಬಲಕ್ಕೆ ತಿರುಗುತ್ತಾ ಬರುತ್ತದೆ, ತಗಡಿಗೆ ಬಡಿದರೆ ಹೆಚ್ಚಾಗಿ ಎಡಕ್ಕೆ ತಿರುಗುತ್ತದೆ. ಒಳ್ಳೆ ಆಂಟೆನಾ ಎಡದ್ದನ್ನು ಸಾಕಷ್ಟು ತಡೆಯುತ್ತದೆ, ಪೂರ್ತಿ ಅಲ್ಲ. ದಿಗಂತದಿಂದ 15 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಟ್ಟುಬಿಡೋಣ ಅಂದರೆ, ಸಿಲ್ವರ್ ಓಕ್ ಮರಗಳ ಮಧ್ಯೆ ಸಿಗುವುದೇ ನಾಲ್ಕಾರು. ಜಿಪಿಎಸ್‌ನ ಹೊಸ ಸಿಗ್ನಲ್ ಎಲ್5ರಲ್ಲಿ ದೂರ ಅಳೆಯಲು ಬರುವ ಸಂಕೇತ (ಕೋಡ್) ಎಲ್1ರ ಹಳೆಯ ಕೋಡ್‌ಗಿಂತ ಹತ್ತು ಪಟ್ಟು ಚುರುಕು. ದೂರದ ಗುಡ್ಡಕ್ಕೆ ಬಡಿದು ಬಂದದ್ದನ್ನು ಅದು ಬೇರ್ಪಡಿಸುತ್ತದೆ. ಎರಡು ಮಾರು ದೂರದ ತಗಡಿಗೆ ಅದೂ ಮದ್ದಲ್ಲ.

ಕೊನೆಗೆ ಕಾಫಿ ಒಣಗಿಸುವ ಕಣದಲ್ಲಿ, ಆಕಾಶ ತೆರೆದಿರುವ ಕಡೆ ಎರಡು ಪಾಯಿಂಟ್ ಹಾಕಿದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಿಡಿದು ತಾಳೆ ನೋಡಿದೆ. ಅಲ್ಲಿಂದ ಟೋಟಲ್ ಸ್ಟೇಷನ್ನಿನಲ್ಲಿ, ಅಂದರೆ ಉಪಗ್ರಹದ ಹಂಗಿಲ್ಲದೆ ಕೋನ, ದೂರ ಅಳೆಯುವ ಮಿಷನ್ನಿನಲ್ಲಿ, ಕಲ್ಲಿಗೆ ನೇರ ಗುರಿ. "ಹಳೇ ಮಿಷನ್ನೇ ಬೇಕಾಯ್ತಲ್ವಾ?" ಅಂದರು ಯಜಮಾನರು. ರೋವರಿನ ಎರಡನೇ ಫಿಕ್ಸ್ ಇದಕ್ಕೆ ಹೊಂದಿತು, ಮೊದಲನೆಯದನ್ನು ಅಳಿಸಿದೆ.