ಹತ್ತು ಕೋಟಿ ಡಿಗ್ರಿಯನ್ನು ಯಾವುದರಿಂದ ಅಳೆಯುತ್ತೀರಿ?

ರಜೆಯಲ್ಲಿ ಬದಿಯಡ್ಕದ ಮನೆಗೆ ಬಂದಾಗಲೆಲ್ಲ ಯಾವುದಾದರೊಂದು ಮದುವೆಯ ಪಂಕ್ತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಪ್ಲಾಸ್ಮಾ (ಎಲೆಕ್ಟ್ರಾನ್‌ಗಳು ಕಳಚಿಹೋಗುವಷ್ಟು ಕಾಯಿಸಿದ ಅನಿಲ) ಪ್ರಯೋಗಾಲಯವೊಂದರಲ್ಲಿ ಬೆಳಕಿನ ಉಪಕರಣಗಳನ್ನು ನೋಡಿಕೊಳ್ಳುವವನೆಂದು ಊರಿಗೆ ಗೊತ್ತು. ಸಾರು ಮುಗಿದು ಮೇಲಾರ ಬರುವಷ್ಟರಲ್ಲಿ ಪಕ್ಕದ ಎಲೆಯವರು ಶುರು ಮಾಡುತ್ತಾರೆ: "ಹತ್ತು ಕೋಟಿ ಡಿಗ್ರಿ ಎನ್ನುತ್ತೀರಲ್ಲ, ಥರ್ಮಾಮೀಟರ್ ಕರಗುವುದಿಲ್ಲವೇ?"

ಕರಗುತ್ತದೆ. ಲೋಹಗಳಲ್ಲೆಲ್ಲ ಕೊನೆಗೆ ಕರಗುವ ಟಂಗ್‌ಸ್ಟನ್ ಕೂಡ 3,422 ಡಿಗ್ರಿಗೆ ನೀರಾಗುತ್ತದೆ. ಅಲ್ಲದೆ ಈ ಪ್ಲಾಸ್ಮಾ ನಾವು ಉಸಿರಾಡುವ ಗಾಳಿಗಿಂತ ಲಕ್ಷಾಂತರ ಪಟ್ಟು ತೆಳು. ಒಳಗೆ ಏನನ್ನು ತೂರಿಸಿದರೂ ಅದು ಹಾಳಾಗುವುದರ ಜೊತೆಗೆ ಪ್ಲಾಸ್ಮಾವನ್ನೂ ತಣ್ಣಗಾಗಿಸುತ್ತದೆ. ಅಂಚಿನಲ್ಲಿ ಸಣ್ಣ ಕಡ್ಡಿ ಇಡಬಹುದು, ನಡುವಿಗೆ ಹೋಗುವಂತಿಲ್ಲ.

ನನ್ನ ಭಾವನ ತೋಟದಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗವಿದೆ. ಕೊರೆಯುವವರು ಮೇಣದ ಬತ್ತಿ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರಂತೆ. ಜ್ವಾಲೆ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯೆಂದು ತಿಳಿದು ಹಿಂದಿರುಗುತ್ತಿದ್ದರು. ಅಳತೆ ಮಾಡುವುದು ಬೆಳಕೇ. ಇಷ್ಟು ಹೇಳಿದಾಗ ಭಾವ ಮುಂದಿನ ಮಾತನ್ನು ತಾನೇ ಊಹಿಸಿದ: "ಹಾಗಾದರೆ ಆಚಾರಿ ಕಬ್ಬಿಣದ ಬಣ್ಣ ನೋಡಿ ಹದ ಹೇಳುತ್ತಾನಲ್ಲ, ಆ ಹಾಗೆ."

ಅಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಪತ್ರಿಕೆಗಳಲ್ಲಿ 'ಕೃತಕ ಸೂರ್ಯ' ಎಂಬ ತಲೆಬರಹದಡಿ ಗುಲಾಬಿ ಬಣ್ಣದ ಉಂಗುರದ ಚಿತ್ರ ಕಂಡರೆ ನನಗೆ ಸಣ್ಣ ಸಿಟ್ಟು ಬರುತ್ತದೆ. ಆ ಗುಲಾಬಿ ಬೆಳಕು ಬರುವುದು ಪ್ಲಾಸ್ಮಾದ ಅತ್ಯಂತ ತಣ್ಣನೆಯ ಭಾಗದಿಂದ, ಅಂದರೆ ಅಂಚಿನಿಂದ. ಅಲ್ಲಿನ ಹೈಡ್ರೋಜನ್ ಪರಮಾಣುಗಳು ಇನ್ನೂ ಎಲೆಕ್ಟ್ರಾನ್ ಉಳಿಸಿಕೊಂಡಿರುವುದರಿಂದ 656 ನ್ಯಾನೋಮೀಟರಿನ ಕೆಂಪು ಬೆಳಕು ಚೆಲ್ಲುತ್ತವೆ. ನಡುವಿನಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಕಳಚಿಹೋಗಿವೆ. ಅಲ್ಲಿಂದ ಎಕ್ಸ್-ಕಿರಣ ಬರುತ್ತದೆ, ಕಣ್ಣಿಗೆ ಕಾಣುವ ಬೆಳಕು ಬಹುತೇಕ ಇಲ್ಲ. ಆಚಾರಿಯ ಕಣ್ಣಿಗೆ ಅದು ಖಾಲಿ ಜಾಗ.

ಖಾಲಿ ಕಾಣುವಲ್ಲಿಗೆ ನಮ್ಮದೇ ಬೆಳಕನ್ನು ಕಳುಹಿಸಬೇಕು. ಒಂದೇ ಬಣ್ಣದ ಲೇಸರ್ ಹಾಯಿಸಿದರೆ ಎಲೆಕ್ಟ್ರಾನ್‌ಗಳು ಅದರಲ್ಲಿ ತುಸುವನ್ನು ಸುತ್ತಲೂ ಚದುರಿಸುತ್ತವೆ. ಕುಂಬಳೆಯಲ್ಲಿ ನಿಲ್ಲದೆ ಹೋಗುವ ರೈಲಿನ ಕೂಗು ಹತ್ತಿರ ಬರುವಾಗ ತೀಕ್ಷ್ಣವಾಗಿ, ದೂರ ಸರಿಯುವಾಗ ದಪ್ಪವಾಗಿ ಕೇಳುತ್ತದಲ್ಲ, ಹಾಗೆಯೇ ಎದುರು ಬರುವ ಎಲೆಕ್ಟ್ರಾನ್ ಚದುರಿಸಿದ ಬೆಳಕು ನೀಲಿಯತ್ತ, ದೂರ ಹೋಗುವುದರ ಬೆಳಕು ಕೆಂಪಿನತ್ತ ಜರುಗುತ್ತದೆ. ಒಂದೇ ಬಣ್ಣ ಎಷ್ಟು ಅಗಲಕ್ಕೆ ಹರಡಿತೆಂದು ನೋಡಿದರೆ ಉಷ್ಣತೆ ಸಿಕ್ಕಿತು. ಇದಕ್ಕೆ ಥಾಮ್ಸನ್ ಚದುರಿಕೆ ಎಂದು ಹೆಸರು. ಕಷ್ಟವೆಂದರೆ ಸಿಗುವ ಬೆಳಕಿನ ಪ್ರಮಾಣ: ಒಂದು ಸೆಂಟಿಮೀಟರ್ ಪ್ಲಾಸ್ಮಾ ದಾಟುವಾಗ ಸುಮಾರು 1,500 ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಚದುರುತ್ತದೆ. ಅದರಲ್ಲಿಯೂ ನಮ್ಮ ಮಸೂರದ ಕಡೆಗೆ ಬರುವುದು ಅತಿ ಸ್ವಲ್ಪ.

ಈ ವಿಧಾನದ ಕಥೆ ಹೇಳದೆ ನಾನು ಪಂಕ್ತಿಯಿಂದ ಏಳುವುದಿಲ್ಲ. 1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಆರ್ಟ್ಸಿಮೊವಿಚ್ ಅವರ ತಂಡ, ಮಾಸ್ಕೋದ ಟಿ-3 ಟೋಕಮಾಕ್‌ನಲ್ಲಿ (ಪ್ಲಾಸ್ಮಾವನ್ನು ಕಾಂತಬಲದಿಂದ ಉಂಗುರದ ಆಕಾರದಲ್ಲಿ ಹಿಡಿದಿಡುವ ಯಂತ್ರ) ಕೋಟಿ ಡಿಗ್ರಿಯ ಆಸುಪಾಸು ಮುಟ್ಟಿದ್ದೇವೆ ಎಂದಿತು. ಪಶ್ಚಿಮದವರು ನಂಬಲಿಲ್ಲ, ಏಕೆಂದರೆ ಅಳತೆ ಪರೋಕ್ಷವಾಗಿತ್ತು. ಆರ್ಟ್ಸಿಮೊವಿಚ್ ವಾದಕ್ಕೆ ನಿಲ್ಲದೆ ಬ್ರಿಟನ್ನಿನ ಕಲ್ಹಮ್ ಪ್ರಯೋಗಾಲಯದವರನ್ನೇ ಕರೆದರು: ನೀವೇ ಬಂದು ಅಳೆಯಿರಿ. ಶೀತಲ ಸಮರದ ನಡುವೆ ನಿಕೋಲ್ ಪೀಕಾಕ್, ಡೆರೆಕ್ ರಾಬಿನ್ಸನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರನ್ನು ಮಾಸ್ಕೋಗೆ ಸಾಗಿಸಿದರು. 1969ರಲ್ಲಿ ಫಲಿತಾಂಶ ಪ್ರಕಟವಾಯಿತು. ರಷ್ಯನ್ನರು ಹೇಳಿದ್ದು ನಿಜವಾಗಿತ್ತು. ಪ್ರಿನ್ಸ್‌ಟನ್ನಿನವರು ತಮ್ಮ ಬೇರೆ ಮಾದರಿಯ ಯಂತ್ರವನ್ನೇ ಟೋಕಮಾಕ್ ಆಗಿ ಬದಲಿಸಿಕೊಂಡರು. ಗಾಂಧಿನಗರದಲ್ಲಿ 1989ರಲ್ಲಿ ಆರಂಭವಾದ 'ಆದಿತ್ಯ'ವೂ ಅದೇ ಜಾತಿಯದು.

ಅಂಚಿನ ಬೆಳಕು ನಿರುಪಯೋಗಿ ಎಂದು ಹೇಳಲಾರೆ. ಗೋಡೆ ಸುಡದೆ ಉಳಿಯುತ್ತದೆಯೇ ಎನ್ನುವುದನ್ನು ಅಂಚೇ ತಿಳಿಸುತ್ತದೆ. ಇಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆಸ್ಟ್ರೇಲಿಯದ ವಿಜ್ಞಾನಿ ಜಾನ್ ಹೊವಾರ್ಡ್ ಬೆಳೆಸಿದ ಒಂದು ತಂತ್ರ. ಕ್ಯಾಮೆರಾದ ಮುಂದೆ ಒಂದು ಹರಳು. ಅದು ಬೆಳಕನ್ನು ಎರಡಾಗಿ ಸೀಳಿ ಒಂದನ್ನು ಕೊಂಚ ತಡಮಾಡುತ್ತದೆ. ಎರಡೂ ಮತ್ತೆ ಕೂಡಿದಾಗ ಚಿತ್ರದ ಮೇಲೆ ಬೈರಾಸಿನ ಪಟ್ಟೆಗಳಂತೆ ಗೆರೆಗಳು ಮೂಡುತ್ತವೆ. ಗೆರೆ ಮಸುಕಾದಲ್ಲಿ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ಹೆಚ್ಚು ಬಿಸಿ. ಗೆರೆ ಪಕ್ಕಕ್ಕೆ ಜರುಗಿದಲ್ಲಿ ಅವು ಹರಿಯುತ್ತಿವೆ. ಒಂದು ಬಿಂದುವಿನದ್ದಲ್ಲ, ಇಡೀ ದೃಶ್ಯದ ಉಷ್ಣತೆ ಮತ್ತು ಹರಿವು ಒಂದೇ ಚಿತ್ರದಲ್ಲಿ ಸಿಗುತ್ತದೆ. ಮೊದಲ ಬಾರಿ ಅಂಥ ಚಿತ್ರ ನೋಡಿದ ದಿನ ನಾನು ಊಟಕ್ಕೆ ಹೋಗಲು ಮರೆತಿದ್ದೆ.

ಮೋಸ ಹೋದ ದಿನಗಳೂ ಇವೆ. ಒಮ್ಮೆ ವಾರವಿಡೀ ಪ್ಲಾಸ್ಮಾದ ಸಾಂದ್ರತೆ ಇಳಿಯುತ್ತಿದೆಯೆಂದು ಕಾರಣ ಹುಡುಕಿದೆ. ಬೆಳಕಿನ ಹರವು ಉಷ್ಣತೆಯನ್ನು ಹೇಳಿದರೆ, ಬೆಳಕಿನ ಪ್ರಮಾಣ ಸಾಂದ್ರತೆಯನ್ನು ಹೇಳುತ್ತದೆ. ಆ ಪ್ರಮಾಣ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಕೊನೆಗೆ ನೋಡಿದರೆ ಕಿಟಕಿಯ ಗಾಜಿಗೆ ಗೋಡೆಯಿಂದ ಎದ್ದ ಕಾರ್ಬನ್ ಹಿಡಿದಿತ್ತು, ಅಜ್ಜಿಯ ಲಾಟೀನಿನ ಗಾಜಿಗೆ ಮಸಿ ಹಿಡಿಯುತ್ತಿದ್ದ ಹಾಗೆ. ಪ್ಲಾಸ್ಮಾ ಸರಿಯಾಗಿಯೇ ಇತ್ತು.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಬೃಹತ್ ಟೋಕಮಾಕ್ 15 ಕೋಟಿ ಡಿಗ್ರಿಯದ್ದು, ಸೂರ್ಯನ ಗರ್ಭಕ್ಕಿಂತ ಹತ್ತು ಪಟ್ಟು ಬಿಸಿ. ಅಲ್ಲಿ ನ್ಯೂಟ್ರಾನ್‌ಗಳ ಹೊಡೆತಕ್ಕೆ ಗಾಜೇ ಕಪ್ಪಾಗುತ್ತದೆ. ಆದ್ದರಿಂದ ಪ್ಲಾಸ್ಮಾದ ಎದುರಿಗೆ ಲೋಹದ ಕನ್ನಡಿ ಇಟ್ಟು, ಅಂಕುಡೊಂಕು ದಾರಿಯಲ್ಲಿ ಬೆಳಕನ್ನು ಹೊರಗೆ ತರಬೇಕು. ಆ ಕನ್ನಡಿಗೂ ಮಸಿ ಹಿಡಿಯುತ್ತದೆ, ಕೈಹಾಕಿ ಒರೆಸುವಂತಿಲ್ಲ. ಕನ್ನಡಿಯ ಮುಂದೆಯೇ ಪುಟ್ಟದೊಂದು ಪ್ಲಾಸ್ಮಾ ಹೊತ್ತಿಸಿ ಅದನ್ನು ಉಜ್ಜುವ ಪ್ರಯೋಗಗಳು ನಡೆದಿವೆ.

ಇದನ್ನು ಹೇಳಿ ಮುಗಿಸುವಾಗ ಪಾಯಸ ಬಂದಿತ್ತು. ಭಾವ ಎಲೆಯಿಂದ ತಲೆಯೆತ್ತಿ, "ಅಂದರೆ ನಿನ್ನ ಕೆಲಸ ಕನ್ನಡಿ ಒರೆಸುವುದು" ಎಂದ.

"ಬಹುಪಾಲು ಹೌದು ಭಾವ" ಎಂದೆ.