ರೆಡಿಮೇಡ್ ಸಾಫ್ಟ್‌ವೇರ್ ಇರುವಾಗ ನೀನೇ ಯಾಕೆ ಬರೀತೀಯ?

ಮುಂಬೈ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿದು ಚಾ ಕುಡೀತಾ ನಿಂತ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಡ್ರಮ್ ಮೆಷೀನ್ ಟೈಮಿಂಗ್ ಅಳೆಯೋ ಸಾಫ್ಟ್‌ವೇರ್ ರೆಡಿಮೇಡ್ ಸಿಗೋದಿಲ್ವಾ ಮಾರಾಯ, ನೀನ್ಯಾಕೆ ಕೂತು ಬರೀತೀಯ?"

ಸಿಗುತ್ತೆ, ಒಳ್ಳೊಳ್ಳೇದೇ ಇವೆ. ಡ್ರಮ್ ಮೆಷೀನ್ ಅಂದ್ರೆ ತಾನೇ ತಾಳ ಬಾರಿಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅದರ ಪೆಟ್ಟು ಸರಿಯಾದ ಹೊತ್ತಿಗೆ ಬೀಳುತ್ತಾ ಅಂತ ನಾನು ಅಳೆಯೋದು. ಆದ್ರೆ ನನಗೆ ಬರೀ ಸರಾಸರಿ ಸಾಕಾಗಲ್ಲ. ಪ್ರತಿ ಪೆಟ್ಟೂ 10 ಮಿಲಿಸೆಕೆಂಡ್ ತಡ ಆದ್ರೆ ನುಡಿಸೋರ ಕೈ ಅದಕ್ಕೆ ಹೊಂದ್ಕೊಳ್ಳುತ್ತೆ, ಒಂದ್ಸಲ 4 ಒಂದ್ಸಲ 16 ಆದ್ರೆ ಸರಾಸರಿ ಅದೇ 10, ಆದ್ರೆ ತಾಳ ಕೂರೋದೇ ಇಲ್ಲ. ನನಗೆ ಒಂದೊಂದು ಪೆಟ್ಟೂ ಬೇರೆ ಬೇರೆ ಕಾಣಬೇಕು.

ಡ್ರಮ್ ಮೆಷೀನನ್ನ 120 ಬಿಪಿಎಂಗೆ (ನಿಮಿಷಕ್ಕೆ 120 ಬೀಟ್) ಇಟ್ಟು ಬೀಟ್‌ಗೆ ನಾಲ್ಕು ಪೆಟ್ಟು ಹಾಕಿದ್ರೆ ಎರಡರ ನಡುವೆ 125 ಮಿಲಿಸೆಕೆಂಡ್. ಅದರ ಔಟ್‌ಪುಟ್ ನೇರ ಸೌಂಡ್ ಕಾರ್ಡ್‌ಗೆ ಕೊಟ್ಟು 48,000 ಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ ಸದ್ದಿನ 48,000 ಅಳತೆ (ಒಂದೊಂದು ಅಳತೆಯೂ ಒಂದು ಸ್ಯಾಂಪಲ್) ತಗೊಂಡು ರೆಕಾರ್ಡ್ ಮಾಡಿದ್ರೆ ಎರಡು ಪೆಟ್ಟಿನ ನಡುವೆ ಸರಿಯಾಗಿ 6000 ಸ್ಯಾಂಪಲ್ ಬರ್ಬೇಕು, 6048 ಬಂತು ಅಂದ್ರೆ ಒಂದು ಮಿಲಿಸೆಕೆಂಡ್ ತಡ. ಕಂಪ್ಯೂಟರ್ ಗಡಿಯಾರ ನಾನು ಮುಟ್ಟೋದೇ ಇಲ್ಲ, ಯಾಕಂದ್ರೆ ಆಪರೇಟಿಂಗ್ ಸಿಸ್ಟಮ್ ನಡುವೆ ಇನ್ನೇನೋ ಕೆಲಸಕ್ಕೆ ಹೋದ್ರೆ ಆ ತಡವೂ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ, ಸ್ಯಾಂಪಲ್ ಎಣಿಸಿದ್ರೆ ಆ ತೊಂದ್ರೆ ಇಲ್ಲ. ಕಾರ್ಡ್‌ನ ವೇಗ ಹಿಡಿದಿಡೋ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದ್ರೂ 6000ಕ್ಕೆ 0.3 ಸ್ಯಾಂಪಲ್, ಬಿಟ್ಬಿಡಬಹುದು. (ಎರಡು ರೆಕಾರ್ಡರ್ ಇಟ್ಟು ಇಡೀ ನಾಟಕ ರೆಕಾರ್ಡ್ ಮಾಡೋರು ಮಾತ್ರ ಬಿಡೋ ಹಾಗಿಲ್ಲ, ಅಷ್ಟೇ ವ್ಯತ್ಯಾಸ ಒಂದು ಗಂಟೇಲಿ 180 ಮಿಲಿಸೆಕೆಂಡ್ ಆಗುತ್ತೆ.)

ನಿಜವಾದ ಕಷ್ಟ ಪೆಟ್ಟು ಎಲ್ಲಿ ಶುರುವಾಯ್ತು ಅಂತ ಹೇಳೋದ್ರಲ್ಲಿ. ಸದ್ದು ಇಷ್ಟು ಮಟ್ಟ ದಾಟಿದ್ರೆ ಶುರು ಅಂತ ಇಟ್ಕೊಂಡ್ರೆ ಮೆಲ್ಲಗಿನ ಪೆಟ್ಟು ಆ ಮಟ್ಟಕ್ಕೆ ತಡವಾಗಿ ಏರುತ್ತೆ, ಮೆಷೀನ್ ಸರಿಯಿದ್ರೂ ತಡ ಅಂತಲೇ ಕಾಣುತ್ತೆ. ಅದಕ್ಕೆ ಮೊದಲ ಪೆಟ್ಟಿನ ಅಲೆಯನ್ನ ಮುಂದಿನ ಪ್ರತಿಯೊಂದರ ಮೇಲೂ ಸರಿಸ್ತಾ ಹೋಗಿ ಎಲ್ಲಿ ಚೆನ್ನಾಗಿ ಕೂರುತ್ತೋ ಆ ಜಾಗ ತಗೊಳ್ತೀನಿ, ಕ್ರಾಸ್ ಕೋರಿಲೇಷನ್ ಅಂತಾರಲ್ಲ, ಅದೇ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಕೆಲವೇ ಸಾಲು. ರೆಡಿಮೇಡ್‌ನಲ್ಲಿ ಈ ನಿರ್ಧಾರ ಎಷ್ಟೋ ಸಲ ಒಳಗೇ ಮುಚ್ಚಿಹೋಗಿರುತ್ತೆ, ನನಗೆ ಒಪ್ಪಿಗೆಯಾಗದೇ ಇರೋದು ಅದೇ.

ಮೆಷೀನನ್ನ ಬೈಯೋ ಮೊದಲು ಮಿಡಿ (ಯಾವ ನೋಟ್ ಯಾವಾಗ ನುಡಿಸ್ಬೇಕು ಅಂತ ಎಲೆಕ್ಟ್ರಾನಿಕ್ ವಾದ್ಯಗಳಿಗೆ ಹೇಳಿ ಕಳಿಸೋ ಪದ್ಧತಿ) ಕೇಬಲ್ ಲೆಕ್ಕವನ್ನೂ ನೋಡಿ. 1983ರ ಆ ಪದ್ಧತೀಲಿ ಸೆಕೆಂಡಿಗೆ 31,250 ಬಿಟ್ ಅಷ್ಟೇ ಹೋಗೋದು, ಒಂದು ನೋಟ್‌ಗೆ ಮೂರು ಬೈಟ್ (ಶುರು, ಕೊನೆ ತೋರಿಸೋ ಬಿಟ್ ಸೇರಿ 30 ಬಿಟ್), ಅಂದ್ರೆ ಹತ್ತಿರಹತ್ತಿರ ಒಂದು ಮಿಲಿಸೆಕೆಂಡ್, ಒಂದೇ ಸಲ ಐದು ವಾದ್ಯ ಬಾರಿಸಿದ್ರೆ ಅವು ಒಂದರ ಹಿಂದೊಂದೇ ಬರೋದು.

ನೀವೂ ಬರೆಯೋದಾದ್ರೆ ಮೊದಲು 6000 ಸ್ಯಾಂಪಲ್‌ಗೊಂದು ಕ್ಲಿಕ್ ಇರೋ ಫೈಲ್ ಮಾಡಿ, ಬೇಕಂತಲೇ ಒಂದನ್ನ 3 ಸ್ಯಾಂಪಲ್ ತಡವಾಗಿ ಇಡಿ, ನಿಮ್ಮ ಪ್ರೋಗ್ರಾಂ ಅದನ್ನ ಹಿಡಿದ ಮೇಲೆ ಡ್ರಮ್ ಮೆಷೀನ್ ಕೇಬಲ್ ಹಾಕಿ.